ಬಾಗಿಲ ಬಳಿಯ ಟ್ರೇ

"ನನ್ನ ಬೀಜ ಸತ್ತಿದೆ ಅಂತ ಬರೆಯೋಕೆ ನಿಮಗೆ ಮನಸ್ಸಾದ್ರೂ ಹೇಗೆ ಬಂತು?"

ಬೀಜ ಪರೀಕ್ಷಾ ಕೊಠಡಿಯ ಬಾಗಿಲನ್ನು ದಡಾರನೆ ತಳ್ಳಿ ಬಂದವಳು ವರದಿಯನ್ನು ಪರೀಕ್ಷಕನ ಮೇಜಿನ ಮೇಲೆ ಕುಕ್ಕಿದಳು.

ಆರು ವರ್ಷ! ಕೆಸರಿನ ಆಳದಿಂದಲೂ ಚುರುಕಾಗಿ ಮೇಲೇಳುವ ಭತ್ತದ ತಳಿಗಾಗಿ ಆರು ವರ್ಷ ಜೀವ ತೇದಿದ್ದಳು. ಎಲ್ಲರೂ ಬೆನ್ನ ಹಿಂದೆ 'ಎಣಿಕೆರಾಯ' ಎಂದು ಆಡಿಕೊಳ್ಳುವ ಈ ಹೊಸ ಪರೀಕ್ಷಕ, ಮೊಳೆತದ್ದು ನೂರಕ್ಕೆ ಮೂವತ್ತೆಂಟು ಎಂದು ಬರೆದು ಕೈತೊಳೆದುಕೊಂಡಿದ್ದ. ಎಂಬತ್ತು ಮುಟ್ಟದಿದ್ದರೆ, ಹೊಸ ತಳಿಗಳಿಗೆ ಒಪ್ಪಿಗೆ ಕೊಡುವ ಸಮಿತಿ ಇದನ್ನೇ ಕೈಬಿಡುತ್ತದೆ.

"ಸತ್ತಿದೆ ಅಂತ ಎಲ್ಲಿ ಬರೆದಿದ್ದೀನಿ ಮೇಡಂ? ಪುಟ ತಿರುಗಿಸಿ."

ತಿರುಗಿಸಿದಳು. 'ಉಳಿದ ಅರವತ್ತೆರಡು ಗಟ್ಟಿಯಾಗಿವೆ. ಸತ್ತಿಲ್ಲ, ನಿದ್ದೆಯಲ್ಲಿವೆ.'

"ಬೀಜ ಪರೀಕ್ಷೆಗೆ ಕೊಟ್ಟಾಗ ಕಟಾವಾಗಿ ಎಷ್ಟು ದಿನ ಆಗಿತ್ತು?"

"ಹತ್ತು..." ಅವಳ ದನಿ ಇಳಿಯಿತು. ತಂದೆ ತಳಿಯಿಂದ ಹುರುಪಿನ ವಂಶವಾಹಿ ಬಂತೆಂದು ಹಿಗ್ಗಿದ್ದವಳು, ಕಟಾವಾದ ಹೊಸತರಲ್ಲಿ ಮೊಳೆಯದೆ ಮಲಗುವ ತಾಯಿ ತಳಿಯ ನಿದ್ದೆಯೂ ಜೊತೆಗೆ ಬಂದಿರಬಹುದೆಂದು ಯೋಚಿಸಿಯೇ ಇರಲಿಲ್ಲ. ಅವಸರದಲ್ಲಿ ಪೊಟ್ಟಣದ ಮೇಲೆ ಕಟಾವಿನ ದಿನಾಂಕವನ್ನೂ ಬರೆದಿರಲಿಲ್ಲ.

"ಐದು ದಿನ ಬಿಸಿ ಪೆಟ್ಟಿಗೇಲಿಟ್ಟು ನಿದ್ದೆ ಬಿಡಿಸೋಣ. ಆಮೇಲೆ ಹದಿನಾಲ್ಕು ದಿನ ಮೊಳಕೆ ಪೆಟ್ಟಿಗೆ. ನಾಲ್ಕು ಟ್ರೇ, ಒಂದೊಂದರಲ್ಲೂ ನೂರು ಕಾಳು. ಸರಾಸರಿ ತೆಗೀತೀನಿ."

ಸಮಿತಿಯ ಸಭೆಗೆ ಉಳಿದದ್ದೂ ಸರಿಯಾಗಿ ಹತ್ತೊಂಬತ್ತು ದಿನ!

ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ದಿನಕ್ಕೆ ನಾಲ್ಕು ಸಲ ಬಂದು ಮೊಳಕೆ ಪೆಟ್ಟಿಗೆಯ ಬಾಗಿಲು ತೆರೆದು ಇಣುಕುವಳು. ಅವನು ತುಟಿಪಿಟಕ್ಕೆನ್ನದೆ ಸ್ಟೂಲ್ ಎಳೆದು ಕೊಡುವನು.

"ಅವನನ್ನ ಬೈಯೋಕೇ ದಿನಾ ನಂಗೆ ಫೋನ್ ಮಾಡ್ತೀಯಲ್ಲ, ಏನೇ ಸಮಾಚಾರ?" ಎಂದು ಅಕ್ಕ ಛೇಡಿಸಿದಳು.

"ಹೋಗೇ!" ಎಂದಳೇ ಹೊರತು, ಅವಳ ಕೆನ್ನೆ ಕೆಂಪಾಗಿತ್ತು.

ಕೊನೆಯ ದಿನ ಬೆಳಿಗ್ಗೆ ಅವನು ಮೊದಲ ಟ್ರೇ ಎಣಿಸಿದ.

"ಎಪ್ಪತ್ತೊಂಬತ್ತು."

ಮೂಲೆಯಲ್ಲೊಂದು ಸಸಿ ಬೇರು ಸುರುಟಿಕೊಂಡು ಬಿದ್ದಿತ್ತು. "ಇದೊಂದು ಸೇರಿಸಿದ್ರೆ ಎಂಬತ್ತು... ದಯವಿಟ್ಟು!"

"ಇದು ಗದ್ದೇಲಿ ಬದುಕಲ್ಲ. ಎಣಿಸಲ್ಲ."

ಇಷ್ಟು ದಿನ ಇವನ ಕಣ್ಣಲ್ಲಿ ಕಂಡ ಅಕ್ಕರೆಯೆಲ್ಲ ನನ್ನ ಭ್ರಮೆಯೇ?

"ನಿಮಗೆ ಮನುಷ್ಯರಿಗಿಂತ ಲೆಕ್ಕಾನೇ ದೊಡ್ಡದು!"

ಉಳಿದ ಮೂರು ಟ್ರೇಗಳ ಹಣೆಬರಹವೂ ಇಷ್ಟೇ ಎಂದುಕೊಂಡು ಅವಳು ಹೊರಟೇಹೋದಳು. ತನ್ನ ಕೋಣೆಯಲ್ಲಿ ಕೂತು, ತಳಿಯನ್ನು ಹಿಂತೆಗೆದುಕೊಳ್ಳುವ ಪತ್ರ ಬರೆದಳು. ಸಹಿಗೆ ಪೆನ್ನು ಊರುವಷ್ಟರಲ್ಲಿ ಅವನು ಏದುಸಿರು ಬಿಡುತ್ತ ಓಡಿಬಂದ.

"ನಿಲ್ಸಿ! ಎಂಬತ್ತೆಂಟು, ಎಂಬತ್ತೊಂಬತ್ತು, ತೊಂಬತ್ತೆರಡು! ನಾಲ್ಕರ ಸರಾಸರಿ ಎಂಬತ್ತೇಳು. ನಿಮ್ಮ ತಳಿ ಗೆದ್ದಿದೆ!"

ಪೆನ್ನು ಕೈಜಾರಿತು. ತಡೆದಿಟ್ಟ ಅಳು ಕಿತ್ತುಕೊಂಡು ಬಂತು.

"ಮತ್ತೆ... ಆ ಮೊದಲ ಟ್ರೇ?"

"ಅದು ಬಾಗಿಲ ಬಳಿ ಇತ್ತು. ನೀವು ಬಾಗಿಲು ತೆಗೆದೂ ತೆಗೆದೂ ತಣ್ಣಗಾಗಿ ಮೊಳಕೆ ಕಮ್ಮಿಯಾಗಿದೆ."

"ಅಯ್ಯೋ! ತೆಗೀಬೇಡಿ ಅಂತ ಒಂದು ಮಾತು ಹೇಳಬಾರದಿತ್ತಾ?"

ಅವನು ತಲೆ ತಗ್ಗಿಸಿದ. "ಹೇಳಬೇಕಿತ್ತು. ತಪ್ಪು ನಂದೇ. ಹೇಳಿದ್ರೆ... ನೀವು ಬರೋದು ನಿಲ್ಲಿಸಿಬಿಡ್ತೀರೇನೋ ಅಂತ..."

ಒಂದೇ ಒಂದು ಸಸಿಗೂ ಜಗ್ಗದ ಎಣಿಕೆರಾಯ ಸೋತದ್ದು ಇಲ್ಲಿ! ಅವಳು ಕಣ್ಣೊರೆಸಿಕೊಂಡಳು.

"ಇನ್ಮೇಲೆ ಮೊಳಕೆ ನೋಡೋಕೆ ಬರಲ್ಲ."

ಅವನ ಮುಖ ಬಾಡಿತು.

"ನಿಮ್ಮನ್ನ ನೋಡೋಕೆ ಬರ್ತೀನಿ... ಸ್ಟೂಲ್ ಇರುತ್ತೆ ತಾನೇ?"

"ಇರುತ್ತೆ," ಎಂದ ಅವನು ಮೆಲ್ಲಗೆ. "ಅದರ ಪಕ್ಕ ಇನ್ನೊಂದನ್ನೂ ತಂದಿಟ್ಟಿದ್ದೀನಿ."