ಮೂರನೇ ಪ್ರೆಸ್ಸಿನ ಪೆಟ್ಟಿಗೆ

ಸೋಮವಾರ ಬೆಳಿಗ್ಗೆ ಹುಬ್ಬಳ್ಳಿಯ ಗಬ್ಬೂರ ಬೈಪಾಸ್ ಹತ್ತಿರದ ಠಾಣೆಗೆ ಲಿಖಿತ ದೂರು ಬಂತು. ತಂದವನು ಮಾಲತೇಶ, ವಾಲ್ಡೆನ್‌ಹಾಫ್ ಎಂಬ ಜರ್ಮನ್ ಕಂಪನಿಯ ಇಲ್ಲಿನ ಕಾರ್ಖಾನೆಯ ಮ್ಯಾನೇಜರ್. ತಗಡು ಒತ್ತುವ ಮೂರನೇ ನಂಬರಿನ ಪ್ರೆಸ್ ಯಂತ್ರದಿಂದ ಶನಿವಾರ ಸಂಜೆ ಸುರಕ್ಷಾ ಸ್ವಿಚ್ಚಿನ ಪೆಟ್ಟಿಗೆ ಕಳುವಾಗಿದೆ, ಅದರ ವಿನ್ಯಾಸಕ್ಕೆ ಪೇಟೆಂಟ್ ಇದೆ, ಬೇರೆ ಕಂಪನಿಗೆ ಮಾರಿರುವ ಶಂಕೆ ಇದೆ ಎಂದು ಬರೆದಿತ್ತು.

“ಹೊರದೇಶದವರ್ರಿ ಮೇಡಂ. ಇಲ್ಲಿ ಕಾನೂನಿನ ರಕ್ಷಣೆ ಸಿಗತೈತಿ ಅಂತ ನಂಬಿ ಬಂಡವಾಳ ಹಾಕ್ಯಾರ. ಪೆಟ್ಟಿಗಿ ಲಗೂ ಸಿಗಬೇಕ್ರಿ,” ಎಂದ.

“ಅಷ್ಟ ದೊಡ್ಡ ಕಾರ್ಖಾನ್ಯಾಗ ಅದೊಂದ ಪೆಟ್ಟಿಗಿನ ಯಾಕ ಒಯ್ದ್ರು?” ಇನ್‌ಸ್ಪೆಕ್ಟರ್ ಮೈತ್ರೇಯಿ ಕೇಳಿದರು.

“ಅದನ್ನ ನೀವ ಕಂಡ ಹಿಡೀಬೇಕ್ರಿ.”

ಎಫ್‌ಐಆರ್ ದಾಖಲಿಸಿ ಮೈತ್ರೇಯಿ, ಹವಾಲ್ದಾರ್ ಹನಮೇಶನ ಜೊತೆ ಕಾರ್ಖಾನೆಗೆ ಹೋದರು. ಸ್ಥಳ ಪಂಚನಾಮೆ ನಡೆಯಿತು. ಎಲ್ಲೂ ಬೀಗ ಮುರಿದಿರಲಿಲ್ಲ. ಸ್ಕ್ರೂ ಬಿಚ್ಚಿ ಪೆಟ್ಟಿಗೆ ಒಯ್ದಿದ್ದರು. ಹೊರಗೆ ಉಳಿದ ತಂತಿಗಳ ತುದಿಗೆ ಒಂದೊಂದಕ್ಕೂ ಟೇಪ್ ಸುತ್ತಿತ್ತು.

“ಯಾರಿಗೂ ಶಾಕ್ ಹೊಡೀಬಾರದಂತ ಕಾಳಜಿ ಮಾಡ್ಯಾನ್ರಿ ಕಳ್ಳ,” ಎಂದ ಹನಮೇಶ. “ಹೊರಗಿನಾಂವ ಅಲ್ಲ.”

ಪಕ್ಕದ ಪ್ರೆಸ್ಸಿನ ಮುಂದೆ ಶಿವಲಿಂಗವ್ವ ಎಂಬ ಕೆಲಸದಾಕೆ ನಿಂತಿದ್ದಳು.

“ಆ ಪೆಟ್ಟಿಗಿ ಏನ ಮಾಡ್ತೈತಿ?” ಮೈತ್ರೇಯಿ ಆಕೆಯನ್ನು ಕೇಳಿದರು.

“ಕೈ ಒಳಗಿದ್ರ ಮಷೀನ್ ನಿಲ್ಲಸ್ತೈತ್ರಿ.” ಆಕೆ ಮ್ಯಾನೇಜರನ ಕಡೆ ನೋಡಿ ದನಿ ಇಳಿಸಿದಳು. “ಎರಡ ತಿಂಗಳ ಹಿಂದ ಇದರ ಮ್ಯಾಲೆ ಕೆಲಸಾ ಮಾಡೂ ಭುವನೇಶ್ವರಿ ಕೈ ಒಳಗಿದ್ದಾಗ ಮಾತ್ರ ನಿಲ್ಲಲಿಲ್ರಿ.”

ಮೈತ್ರೇಯಿ ಮಾಲತೇಶನತ್ತ ತಿರುಗಿದರು. “ಈ ಅಪಘಾತದ ಸುದ್ದಿ ಠಾಣೆಗೆ ಯಾಕ ಬರಲಿಲ್ಲ?”

“ಆಕಿ ನಮ್ಮ ಕಂಪನಿಯಾಕಿ ಅಲ್ರಿ. ಗುತ್ತಿಗೆದಾರನ ಕಡೆಯಾಕಿ.”

ಮಧ್ಯಾಹ್ನ ಅವರು ಭುವನೇಶ್ವರಿಯ ಊರು ಅಮ್ಮಿನಬಾವಿಗೆ ಹೋದರು. ಆಕೆಗೆ ಇಪ್ಪತ್ತೆರಡು ವರ್ಷ. ಬಲಗೈಯಲ್ಲಿ ಹೆಬ್ಬೆರಳೊಂದೇ ಉಳಿದಿತ್ತು. ಪೊಲೀಸರನ್ನು ಕಂಡು ಆ ಕೈಯನ್ನು ಓಢಣಿಯಲ್ಲಿ ಮುಚ್ಚಿಕೊಂಡಳು.

“ಕಂಪನಿಯಿಂದ ಯಾರರ ಬಂದಿದ್ರೇನವಾ?”

“ಎಲೆಕ್ಟ್ರಿಶಿಯನ್ ಯಾಸೀನಣ್ಣ ಬರ್ತಿರ್ತಾನ್ರಿ. ಸುಮ್ಮನ ಕುಂತು ಹೋಗ್ತಾನ. ನಿನ್ನೆ ಅಷ್ಟ ಬಾಯಿ ಬಿಟ್ಟ. ಜರ್ಮನಿಯವರು ಬಂದು ಕೇಳಿದ್ರ ಖರೇ ಹೇಳ್ತೀ ಇಲ್ಲೋ ಅಂದ.”

ಸಂಜೆ ಹಳೇ ಹುಬ್ಬಳ್ಳಿಯಲ್ಲಿ ಯಾಸೀನನ ಮನೆಯಿದ್ದ ಓಣಿಯ ಬಾಯಲ್ಲಿ ಜೀಪು ಬಿಟ್ಟು ನಡೆದುಹೋದರು. ಬಾಗಿಲು ತೆಗೆದವಳು ಯಾಸೀನನ ಹೆಂಡತಿ ನೂರಜಹಾನ. ಮೈತ್ರೇಯಿ ಕೇಳುವ ಮೊದಲೇ ಯಾಸೀನ ಟ್ರಂಕಿನಿಂದ ಪೆಟ್ಟಿಗೆ ತೆಗೆದು ಚಾಪೆಯ ಮೇಲಿಟ್ಟ.

“ಮಾರಾಕ ತಂದಿಲ್ರಿ. ಜರ್ಮನಿಯಾಗ ಕಾನೂನ ಐತಂತ್ರಿ. ಇಲ್ಲಿ ಗುತ್ತಿಗಿ ಮಂದಿಗೆ ಪೆಟ್ಟಾದ್ರೂ ಅಲ್ಲಿ ದೊಡ್ಡ ಆಫೀಸಿನವರು ಜವಾಬ್ದಾರಿ ತಗೋಬೇಕಂತ. ಅವರಿಗೆ ಮೇಲ್ ಮಾಡಿದ್ನಿ. ಈ ವಾರ ಬಂದು ಮಷೀನ್ ನೋಡ್ತೀವಿ ಅಂದ್ರು. ಅಷ್ಟರಾಗ ಮ್ಯಾನೇಜರ್ ಸರ್, ಸೋಮವಾರ ಹೊಸಾದು ಕೂಡಸೂಣು, ಹಳೇದ್ನ ಭಟ್ಟಿಗೆ ಹಾಕೂಣು ಅಂದಿದ್ದು ಕಿವಿಗೆ ಬಿತ್ತು. ಸಂಜೀಕ ಬಿಚ್ಚಿಕೊಂಡ ಬಂದ್ನಿ.”

“ಬಿಚ್ಚೂ ಮುಂದ ಫೋಟೋ ತೆಗ್ದಿದ್ದೇನು?”

“ಒಳಗ ಮೊಬೈಲ್ ಒಯ್ಯಾಕ ಬಿಡಂಗಿಲ್ರಿ.”

ಮುಚ್ಚಳ ತೆರೆದಾಗ ಒಳಗೆ ಎರಡು ಸ್ಕ್ರೂಗಳ ನಡುವೆ ಒಂದು ಕೆಂಪು ತಂತಿ ಕಂಡಿತು.

“ಇದೇನು?”

“ಪೆಟ್ಟಿಗಿ ಇದ್ದೂ ಇಲ್ಲದಂಗ ಮಾಡೂ ತಂತಿರಿ. ಮಷೀನ್ ಪದೇ ಪದೇ ನಿಂತು ಮಾಲು ಕಡಿಮಿ ಬರಾಕತ್ತಿತ್ತು.”

“ಹಾಕಿದವರ್ಯಾರು?”

ನೂರಜಹಾನ ಮುಖ ತಿರುಗಿಸಿದಳು.

“ನಾನರಿ. ಸರ್ ಹೇಳಿದ್ರು, ನಾ ಹಾಕಿದ್ನಿ.”

ಮೈತ್ರೇಯಿ ಪೆಟ್ಟಿಗೆಯ ಮುಚ್ಚಳ ಮುಚ್ಚಿದರು. ಆಮೇಲೆ, “ಮೊದಲ ಠಾಣೆಗೆ ಬಂದಿದ್ರ ಇದನ್ನ ಮಷೀನಿನ ಮ್ಯಾಲಿದ್ದಾಗ ಪಂಚರ ಎದುರಿಗೆ ಬಿಚ್ಚಿಸ್ತಿದ್ನೆಪಾ,” ಎಂದರು.

“ನನ್ನ ಹಿಡದ ಒಳಗ ಹಾಕ್ತೀರಿ ಅಂತ ಹೆದರಿದ್ನಿರಿ.”

“ಈಗ ಎರಡ ದಿನ ಇದು ನಿನ್ನ ಮನ್ಯಾಗಿತ್ತು. ಆ ತಂತಿ ಇಲ್ಲೇ ಕುಂತು ಹಾಕೀದಿ ಅಂತ ಅವರ ವಕೀಲರು ಹೇಳ್ತಾರ.”

ಅದು ಅವನಿಗೆ ಹೊಳೆದಿರಲಿಲ್ಲ. ಪೆಟ್ಟಿಗೆಯನ್ನೂ ಮೈತ್ರೇಯಿಯ ಮುಖವನ್ನೂ ನೋಡಿ, ಗೋಡೆಗೆ ಒರಗಿ ಕುಳಿತುಬಿಟ್ಟ.

ನೆರೆಯ ಕಾಸಿಮಸಾಬ ಮತ್ತು ಇನ್ನೊಬ್ಬರನ್ನು ಪಂಚರಾಗಿ ಕರೆದು ಪೆಟ್ಟಿಗೆಯನ್ನು ಜಪ್ತಿ ಮಾಡಿ, ಸೀಲ್ ಹಾಕಿದರು. ಮಾಲೀಕರ ವಸ್ತುವನ್ನು ನೌಕರ ಕದ್ದ ಆರೋಪದ ಮೇಲೆ ಯಾಸೀನನನ್ನು ಬಂಧಿಸಿದರು. ಅಷ್ಟರಲ್ಲಿ ಮಾಲತೇಶನ ಫೋನ್ ಬಂತು. ಪೆಟ್ಟಿಗೆ ಇವತ್ತೇ ಬೇಕು, ಅದು ಕಂಪನಿಯ ಆಸ್ತಿ ಎಂದ.

“ಅದೀಗ ಕೋರ್ಟಿಗೆ ಹೋಗತೈತ್ರಿ,” ಎಂದರು ಮೈತ್ರೇಯಿ. “ಅಪಘಾತದ್ದು ಬ್ಯಾರೆ ಎಫ್‌ಐಆರ್ ಆಗತೈತಿ. ನಾಳೆ ನೀವೂ ಬರ್ರಿ, ಗುತ್ತಿಗೆದಾರನ್ನೂ ಕರಕೊಂಡ ಬರ್ರಿ.”

ಆ ಪ್ರಕರಣದಲ್ಲೂ ಯಾಸೀನನ ಹೆಸರು ಆರೋಪಿಗಳ ಸಾಲಿನಲ್ಲೇ ಬರುತ್ತದೆ. ಅದನ್ನು ಮೈತ್ರೇಯಿ ಅವನಿಗೆ ಮುಚ್ಚಿಡಲಿಲ್ಲ. ಅವನು ತಲೆಯಾಡಿಸಿದ.

ಜೀಪಿನಲ್ಲಿ ಹನಮೇಶ ಮೆಲ್ಲಗೆ ಕೇಳಿದ, “ಸುಮ್ಮನಿದ್ದಿದ್ರ ಯಾರಿಗೂ ಗೊತ್ತಾಗತಿದ್ದಿಲ್ಲಲ್ಲೋ ತಮ್ಮಾ. ಇದೆಲ್ಲಾ ಯಾಕ ಮೈಮ್ಯಾಲೆ ಹಾಕ್ಕೊಂಡಿ?”

ಯಾಸೀನ ಅವನ ಕಡೆ ತಿರುಗಿದ.

“ಅವತ್ತ ಮುಂಜಾನೆ ಮಷೀನ್ ಚಾಲೂ ಮಾಡೂ ಮುಂದ ಭುವನೇಶ್ವರಿ ನನ್ನ ಕೇಳಿದ್ಲ್ರಿ,” ಎಂದ. “ಅಣ್ಣಾ, ಎಲ್ಲಾ ಸರಿ ಐತಿಲ್ಲೋ ಅಂತ. ನಾ ಹೂಂ ಅಂದಿದ್ನಿ.”