ಎತ್ತು ಎಳೆದು ತಂದ ಹೊಸ ಕಾರು

ಮುಂಡಪ್ಪ ಹೆಗ್ಡೆಯವರ ಹೊಸ ಕಾರು ಪುತ್ತಿಗೆಯ ಅವರ ಮನೆಯಂಗಳಕ್ಕೆ ಬಂದದ್ದು ಒಂದು ಜೋಡಿ ಎತ್ತುಗಳ ಹಿಂದೆ.

ಅಂಗಳದಲ್ಲಿ ಅರ್ಧ ಊರೇ ನೆರೆದಿತ್ತು. ಬಾಗಿಲಿಗೆ ಮಾವಿನೆಲೆ, ಕಾರಿಗೆಂದೇ ಕಟ್ಟಿಸಿದ ಮಲ್ಲಿಗೆ ಹಾರ, ಮೂಡಬಿದ್ರೆಯಿಂದ ಕರೆಸಿದ ವಾದ್ಯದವರು. ಮುಂದಕ್ಕೆ ಹಗ್ಗ ಕಟ್ಟಿಸಿಕೊಂಡ ಕಾರು ತಿರುವಿನಲ್ಲಿ ಕಾಣಿಸಿದಾಗ ವಾದ್ಯದವರು ಊದಬೇಕೋ ಬೇಡವೋ ತಿಳಿಯದೆ ಹೆಗ್ಡೆಯವರ ಮುಖ ನೋಡಿದರು. ಸ್ಟೇರಿಂಗು ಹಿಡಿದಿದ್ದ ಡ್ರೈವರ್ ಮೂಸಾ ತಲೆ ಎತ್ತಲಿಲ್ಲ. ಹಿಂದಿನ ಗಾಜಿಗೆ ಮದ್ರಾಸಿನ ಡೀಲರರು ಅಂಟಿಸಿದ್ದ ಚೀಟಿ ಹಾಗೆಯೇ ಇತ್ತು: ಹೊಸ ಇಂಜಿನ್, ನಿಧಾನವಾಗಿ ಓಡಿಸಲಾಗುತ್ತಿದೆ. ಅದನ್ನು ಓದಿ ಯಾರೋ ಕಿಸಕ್ಕನೆ ನಕ್ಕರು.

ಇಂಜಿನ್ ಸುಟ್ಟುಹೋಗಿತ್ತು. ವೇಣೂರು ದಾಟಿದ ಮೇಲಿನ ಏರಿನಲ್ಲಿ ಭುಸ್ಸೆಂದು ಹಬೆ ಎದ್ದು, ಒಳಗೆ ಕಟಕಟ ಸದ್ದಾಗಿ, ನಿಂತದ್ದು ನಿಂತೇಬಿಟ್ಟಿತ್ತು. ಮದ್ರಾಸಿನಿಂದ ಅಷ್ಟು ದೂರ ಒಂದು ತಕರಾರಿಲ್ಲದೆ ಓಡಿದ ಕಾರು — ಚಾರ್ಮಾಡಿ ಘಾಟಿಯನ್ನು ಸುಖವಾಗಿ ಇಳಿದ ಕಾರು — ಮನೆ ಮುಟ್ಟುವ ಹೊತ್ತಿಗೆ ಹೇಗೆ ಸುಟ್ಟಿತು?

ಇದು ೧೯೬೦ರ ಮಾತು. ಆಗ ಕಾರು ಬೇಕೆಂದರೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಿತ್ತು. ಹೆಗ್ಡೆಯವರು ಬರೆಸಿದಾಗ ನಮ್ಮ ಜಿಲ್ಲೆ ಮದ್ರಾಸಿಗೆ ಸೇರಿತ್ತು. ಕಾರು ಬರುವಷ್ಟರಲ್ಲಿ ನಾವು ಮೈಸೂರಿನವರಾಗಿದ್ದೆವು. ಡೀಲರ್ ಮಾತ್ರ ಮದ್ರಾಸಿನಲ್ಲಿಯೇ ಉಳಿದಿದ್ದ. ಆದ್ದರಿಂದ ಹೆಗ್ಡೆಯವರು ತಮ್ಮ ಅಕ್ಕಿ ಮಿಲ್ಲಿನ ಲಾರಿ ಓಡಿಸುತ್ತಿದ್ದ ಮೂಸಾನನ್ನು ರೈಲು ಹತ್ತಿಸಿ ಕಳಿಸಿದರು, ಜೊತೆಗೆ ಸೋದರಳಿಯ ಲೋಕನಾಥನನ್ನು. ಆ ಕಾಲದಲ್ಲಿ ದೂರದ ಕಾರು ಊರಿಗೆ ಬರುತ್ತಿದ್ದದ್ದೇ ಹಾಗೆ, ಮನೆಯ ಡ್ರೈವರ್ ಹೋಗಿ ಓಡಿಸಿಕೊಂಡು ಬರಬೇಕು.

ಮಂಗಳೂರಿನಿಂದ ಬಂದ ಮೆಕ್ಯಾನಿಕ್ ಇಂಜಿನ್ ಬಿಚ್ಚಿದ. ಪಿಸ್ಟನ್ ಬಿಸಿಗೆ ಹಿಡಿದುಕೊಂಡು ಅಲುಗದಂತಾಗಿದೆ, ಹೊಸ ಗಾಡಿಯನ್ನು ಮೊದಮೊದಲು ನಿಧಾನ ಓಡಿಸಬೇಕು, ಇವರು ಮೈಮೇಲೆ ಜ್ಞಾನವಿಲ್ಲದೆ ಜೋರು ಓಡಿಸಿದ್ದಾರೆ ಎಂದ. ಮೂಸಾನನ್ನು ಕೆಲಸದಿಂದ ತೆಗೆಯಬೇಕೋ ಬೇಡವೋ ಎಂದು ಹೆಗ್ಡೆಯವರಿಗೆ ತೋಚಲಿಲ್ಲ. ಆದರೆ ಮುಂಡಾಜೆಯಲ್ಲಿದ್ದ ಅವರ ಅಕ್ಕ ನೀಲಾವತಿಯಮ್ಮ ಹೇಳಿ ಕಳಿಸಿದರು — ನಮ್ಮ ಅನ್ನ ತಿಂದವನು ನಮ್ಮ ಕಾರು ಸುಟ್ಟಿದ್ದಾನೆ, ಇನ್ನು ನಮ್ಮ ಮೆಟ್ಟಿಲು ಹತ್ತಬಾರದು. ತಾಯಿ ತೀರಿಕೊಂಡ ಮೇಲೆ ತಮ್ಮನನ್ನು ಎತ್ತಿ ಆಡಿಸಿ ಬೆಳೆಸಿದವರು ಅವರು. ಅವರ ಮಾತನ್ನು ಹೆಗ್ಡೆಯವರು ಎಂದೂ ಮೀರಿದವರಲ್ಲ. ಮೂಸಾ ಕೆಲಸ ಕಳೆದುಕೊಂಡು ಬಂಟ್ವಾಳದ ತನ್ನ ಮನೆಗೆ ಹೋದ.

ವಿಷಯ ನಮ್ಮ ತನಕ ಬಂದದ್ದು ಅವನ ಹೆಂಡತಿ ಜೈನಬಮ್ಮನಿಂದ. ನಮ್ಮ ಎಂದರೆ ಕುಶಾಲಪ್ಪನವರು ಮತ್ತು ನಾನು. ಅವರು ನಿವೃತ್ತ ಸಬ್ ಇನ್‌ಸ್ಪೆಕ್ಟರ್, ಕೆಲಸ ಬಿಟ್ಟರೂ ಪ್ರಶ್ನೆ ಕೇಳುವ ಚಟ ಬಿಟ್ಟಿರಲಿಲ್ಲ. ನಾನು ಬಂಟ್ವಾಳದ ಶಾಲೆಯಲ್ಲಿ ಕನ್ನಡ ಪಂಡಿತ, ಬಿ.ಸಿ.ರೋಡಿನಲ್ಲಿ ಅವರ ಪಕ್ಕದ ಮನೆಯವನು. ಪತ್ತೇದಾರಿ ಅವರದು, ಬಸ್ಸಿನಲ್ಲಿ ಸೀಟು ಹಿಡಿಯುವ ಕೆಲಸ ನನ್ನದು.

ಜೈನಬಮ್ಮ ಜಗಲಿಯ ಕೆಳಗೆ ನಿಂತೇ ಮಾತಾಡಿದಳು. ಕೂರಲು ಒಪ್ಪಲಿಲ್ಲ.

"ಕೆಲಸ ವಾಪಸು ಕೊಡಿಸಿ ಅಂತ ಕೇಳ್ಲಿಕ್ಕೆ ಬಂದದ್ದಲ್ಲ ಸ್ವಾಮಿ. ಅವರು ಸರಿಯಾಗಿ ಊಟ ಮಾಡುವುದಿಲ್ಲ. ರಸ್ತೆಯಲ್ಲಿ ಲಾರಿ ಹೋದರೆ ಎದ್ದು ಒಳಗೆ ಹೋಗ್ತಾರೆ. ಇಂಜಿನ್ ಸುಟ್ಟದ್ದು ನನ್ನ ಕಾಲೇ ಅಂತ ಹೇಳ್ತಾರೆ. ಹೌದೋ ಅಲ್ಲವೋ, ಅದೊಂದು ನೋಡಿ ಹೇಳಿ."

ಹೌದಾದರೆ? ಎಂದು ಕುಶಾಲಪ್ಪನವರು ಕೇಳಿದರು.

"ಹೌದಾದರೆ ಹೌದು ಅಂತ ಹೇಳಿ. ಗೊತ್ತಾಗದೆ ಇರುವುದು ಬೇಡ."

ನಾವು ಬಂಟ್ವಾಳ ಪೇಟೆಯ ಮೂಸಾನ ಮನೆಗೆ ಹೋದೆವು. ಕಾಲು ಮಡಚಿ ಚಾಪೆಯ ಮೇಲೆ ಕೂತಿದ್ದ. ಬೆರಳಿನ ತುದಿಯಲ್ಲಿ ನಶ್ಯ, ಅದನ್ನು ಏರಿಸುವುದಕ್ಕೂ ಮರೆತಿದ್ದ.

"ಜೋರು ಓಡಿಸಿದ್ದಾ ಮೂಸಾ?" ಕುಶಾಲಪ್ಪನವರು ಕೇಳಿದರು.

"ಇಲ್ಲ."

"ಮತ್ತೆ ಯಾಕೆ ನಿನ್ನ ಕಾಲಿನ ತಪ್ಪು ಅಂತ ಹೇಳುವುದು?"

"ಓಡಿಸಿದ್ದು ನಾನು. ಇಂಜಿನ್ ಯಾರ ಮೇಲೂ ಸುಮ್ಮನೆ ಸುಳ್ಳು ಹೇಳುವುದಿಲ್ಲ. ಏರಿನಲ್ಲಿ ಗೊತ್ತಿಲ್ಲದೆ ಒತ್ತಿರಬೇಕು."

"ಒತ್ತಿದ ನೆನಪುಂಟಾ?"

"ಇಲ್ಲ. ಅದೇ ಹೆದರಿಕೆ."

ಇದನ್ನು ಕೇಳಿ ನನಗೆ ಸಂಕಟವಾಯಿತು. ಊರೆಲ್ಲ ಅಪವಾದ ಹೊರಿಸಿದರೂ ತನಗೆ ತಾನು ಸಾಚಾ ಎಂದು ಗೊತ್ತಿರುವ ಮನುಷ್ಯ ಹೇಗೋ ಬದುಕಿಕೊಳ್ಳುತ್ತಾನೆ. ಮೂಸಾನಿಗೆ ಆ ಆಸರೆಯೂ ಉಳಿದಿರಲಿಲ್ಲ.

ಕುಶಾಲಪ್ಪನವರು ದಾರಿಯ ಕಥೆಯನ್ನೆಲ್ಲ ಬಿಡಿಸಿ ಕೇಳಿದರು. ಎಲ್ಲಿ ತಂಗಿದ್ದು, ಎಲ್ಲಿ ಪೆಟ್ರೋಲು, ಎಲ್ಲಿ ಊಟ. ಘಾಟಿ ಇಳಿದು ಮುಂಡಾಜೆಯಲ್ಲಿ ನೀಲಾವತಿಯಮ್ಮನ ಮನೆಯಲ್ಲಿ ಮಧ್ಯಾಹ್ನದ ಊಟಕ್ಕೆ ನಿಲ್ಲಿಸಿದ್ದರು. ಮದ್ರಾಸಿನ ನೀರು ಉಪ್ಪು, ಒಳಗೆ ತುಕ್ಕು ಹಿಡಿಸುತ್ತದೆ ಎಂದು ಮೂಸಾ ಅಲ್ಲಿ ರೇಡಿಯೇಟರಿನ ನೀರನ್ನೆಲ್ಲ ಬಿಟ್ಟ. ಕೆಳಗಿನ ತಿರುಪು ಬಿಗಿ ಮಾಡಿದ. ಮೇಲಿನ ಮುಚ್ಚಳ ತೆರೆದಿಟ್ಟು, ಒಳ್ಳೆಯ ಬಾವಿನೀರು ತುಂಬಿಸು ಎಂದು ಆಳು ಚನಿಯಪ್ಪನಿಗೆ ಹೇಳಿ ನಮಾಜಿಗೆ ಹೋದ. ತಿರುಗಿ ಬಂದಾಗ ನೀರು ಕಂಠದ ತನಕ ಇತ್ತು. ಮುಚ್ಚಳ ಹಾಕಿ ಹೊರಟ.

"ಹಬೆ ಎದ್ದಾಗ ಏನಾದರೂ ವಾಸನೆ?"

ಮೂಸಾ ಬೆರಳಿನ ನಶ್ಯ ತೋರಿಸಿದ. ಅವನ ಮೂಗಿಗೆ ವಾಸನೆ ಹತ್ತದೆ ವರ್ಷಗಳಾಗಿದ್ದವು.

ಮರುದಿನ ಪುತ್ತಿಗೆಗೆ ಹೋದೆವು. ನನ್ನ ಸಂಶಯವಿದ್ದದ್ದು ಲೋಕನಾಥನ ಮೇಲೆ. ಕಾಲೇಜು ಹುಡುಗ, ಹೊಸ ಕಾರು, ಮಾವ ಕಣ್ಣೆದುರು ಇಲ್ಲ — ಸ್ಟೇರಿಂಗು ಮುಟ್ಟದೆ ಇದ್ದಾನೆಯೇ? ಬಸ್ಸಿನಲ್ಲಿ ನಾನು ಇದನ್ನು ಬಹಳ ಜಾಣತನದಿಂದ ವಿವರಿಸಿದೆ. ಕುಶಾಲಪ್ಪನವರು ಕಿಟಕಿಯ ಹೊರಗೆ ನೋಡುತ್ತಿದ್ದರು.

ಲೋಕನಾಥ ಅಡ್ಡಮಾತಿಲ್ಲದೆ ಉತ್ತರಿಸಿದ.

"ಆಸೆ ಇತ್ತು. ಮದ್ರಾಸಿನಿಂದ ಬೇಡಿಕೊಂಡೇ ಬಂದೆ. ಮೂಸಾ ಕಾಕ ಬಿಡ್ಲಿಲ್ಲ. ನಿನ್ನ ಮಾವ ನನ್ನನ್ನು ನಂಬಿ ಕಳಿಸಿದ್ದು, ನಿನ್ನನ್ನಲ್ಲ ಅಂತ ಹೇಳಿದರು."

"ಮೂಸಾ ಜೋರು ಓಡಿಸಿದನಾ?"

"ಜೋರಾ? ಸೈಕಲಿನವರು ನಮ್ಮನ್ನು ದಾಟಿ ಹೋದರು ಸಾರ್. ನನಗೆ ನಾಚಿಕೆ ಆಯ್ತು."

"ಇದನ್ನು ಮಾವನಿಗೆ ಹೇಳಲಿಲ್ಲವಾ?"

ಹುಡುಗ ನೆಲ ನೋಡಿದ. ಹೇಳಿದ್ದನಂತೆ. ಹಾಗಾದರೆ ನೀನೇ ಓಡಿಸಿ ಸುಟ್ಟದ್ದಾ ಎಂದು ಮನೆಯಲ್ಲಿ ಕೇಳಿದ್ದರು. ಅಲ್ಲಿಗೆ ಬಾಯಿ ಮುಚ್ಚಿಕೊಂಡಿದ್ದ.

"ಕಾರು ನಿಂತಾಗ ನೀನು ಏನು ನೋಡಿದೆ? ಸಣ್ಣದಾದರೂ ಸರಿ."

"ನೋಡಿದ್ದು ಹಬೆ ಮಾತ್ರ. ಆದರೆ..." ಅವನಿಗೆ ಸಂಕೋಚವಾಯಿತು. "ಪಾಯಸದ ಪರಿಮಳ ಬಂತು. ಯಾರದ್ದೋ ಮನೆಯಲ್ಲಿ ಔತಣ ಇರಬೇಕು ಅಂತ ಗ್ರಹಿಸಿದೆ. ಮತ್ತೆ ಅದು ಸೀದ ಹಾಗೆ ಆಯ್ತು."

ಕುಶಾಲಪ್ಪನವರು ನನ್ನ ಕಡೆ ತಿರುಗಿದರು. "ಪಂಡಿತರೇ, ಆ ಏರಿನಲ್ಲಿ ಮನೆ ಉಂಟಾ?"

ಇರಲಿಲ್ಲ. ಎರಡೂ ಬದಿ ಕಾಡು.

ಮಿಲ್ಲಿನ ಹಿಂದಿನ ಕೊಟ್ಟಿಗೆಯಲ್ಲಿ ಕಾರು ಬಾನೆಟ್ ಎತ್ತಿಕೊಂಡು ನಿಂತಿತ್ತು. ಬಿಡಿಭಾಗಗಳು ಮದ್ರಾಸಿನಿಂದ ಬರಬೇಕಿತ್ತು. ಮೆಕ್ಯಾನಿಕ್ ಕಳಚಿದ ಇಂಜಿನ್ನಿನ ತುಂಡುಗಳನ್ನು ಗೋಣಿಯ ಮೇಲೆ ಸಾಲಾಗಿ ಇಟ್ಟಿದ್ದ, ರೇಡಿಯೇಟರನ್ನು ಮಾತ್ರ ಬೇಡದ ವಸ್ತುವಿನಂತೆ ಗೋಡೆಗೆ ಒರಗಿಸಿದ್ದ. ಅದರ ಪಕ್ಕದಲ್ಲಿದ್ದ ಪೆಟ್ಟಿಗೆಯ ಮೇಲೆ ಕೂತ ನಾನು ಮರುಕ್ಷಣವೇ ಹಾರಿ ಎದ್ದೆ. ಇರುವೆ. ಪಂಚೆಯೊಳಗೆಲ್ಲ ಇರುವೆ.

ಕುಶಾಲಪ್ಪನವರು ನನ್ನ ಕುಣಿತವನ್ನು ನೋಡಲಿಲ್ಲ. ಇರುವೆಯ ಸಾಲನ್ನು ನೋಡಿದರು. ಅದು ಗೋಡೆಯ ಬಿರುಕಿನಿಂದ ಹೊರಟು ನೇರವಾಗಿ ರೇಡಿಯೇಟರಿನ ಬಾಯಿಯೊಳಗೆ ಇಳಿಯುತ್ತಿತ್ತು. ಅವರು ಒಂದು ಕಡ್ಡಿ ಹಾಕಿ ತಿರುಗಿಸಿ ಹೊರಗೆ ತೆಗೆದರು. ತುದಿಯಲ್ಲಿ ಕಪ್ಪನೆಯ ಅಂಟು. ಮೂಸಿದರು. ಮತ್ತೆ, ನಾನು ಬೇಡ ಎನ್ನುವುದರೊಳಗೆ, ನಾಲಿಗೆಗೆ ಮುಟ್ಟಿಸಿಕೊಂಡರು.

"ನಾಳೆ ಮುಂಡಾಜೆಗೆ ಹೋಗುವ," ಎಂದರು. "ಹೆಗ್ಡೆಯವರೂ ಬರಲಿ."

ಅವರ ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ.

ಮುಂಡಾಜೆಯ ಮನೆಯಲ್ಲಿ ನೀಲಾವತಿಯಮ್ಮ ನಮ್ಮನ್ನು ಜಗಲಿಯಲ್ಲಿ ಕೂರಿಸಿದರು. ಎತ್ತರದ ಹೆಂಗಸು, ನೆಟ್ಟಗಿನ ನಡೆ, ನಗು ತುಂಬಿದ ಮಾತು. ಊರಿನ ಪದ್ಧತಿಯಂತೆ ಮೊದಲು ತಂಬಿಗೆಯಲ್ಲಿ ನೀರು, ತಟ್ಟೆಯಲ್ಲಿ ಬೆಲ್ಲದ ತುಂಡು ಬಂತು. ದೂರದಿಂದ ದಣಿದು ಬಂದವರಿಗೆ ಬೆಲ್ಲ ನೀರು ಕೊಡದೆ ನಮ್ಮ ಕಡೆ ಯಾವ ಮನೆಯವರೂ ಬೇರೆ ಮಾತು ಎತ್ತುವುದಿಲ್ಲ. ಕುಶಾಲಪ್ಪನವರು ಬೆಲ್ಲವನ್ನು ಕೈಯಲ್ಲೇ ಹಿಡಿದುಕೊಂಡು ಕೂತರು.

"ಅಕ್ಕ, ಆ ದಿನ ಮೂಸಾ, ಲೋಕನಾಥ ಬಂದಾಗ ಬೆಲ್ಲ ನೀರು ಕೊಟ್ಟಿದ್ರಾ?"

"ಇದೆಂಥ ಪ್ರಶ್ನೆ? ಬಂದವರಿಗೆ ಕೊಡದೆ ಇರ್ತೇವಾ?"

"ಕಾರಿಗೆ?"

ಅವರ ಮುಖ ಅರಳಿತು. ಇಷ್ಟು ದಿನ ಯಾರೂ ಕೇಳದ ವಿಷಯವನ್ನು ಕೊನೆಗೊಬ್ಬರು ಕೇಳಿದರೆಂಬ ಸಂತೋಷ ಅದು.

"ಕೊಟ್ಟೆ. ಚನಿಯಪ್ಪ ಬರೀ ನೀರು ಹೊಯ್ಯಲಿಕ್ಕೆ ಹೊರಟಿದ್ದ. ನಮ್ಮ ಮುಂಡಪ್ಪನ ಕಾರು, ಎಲ್ಲಿಯ ಮದ್ರಾಸಿನಿಂದ ನಡೆದು ಬಂದದ್ದು, ಮೊದಲ ಸಲ ನಮ್ಮ ಅಂಗಳ ಮೆಟ್ಟಿದ್ದು. ಅದಕ್ಕೆ ಸಪ್ಪೆ ನೀರು ಕುಡಿಸುವುದಾ? ನಾನೇ ದೊಡ್ಡ ಪಾತ್ರೆಯಲ್ಲಿ ಬೆಲ್ಲ ಕರಗಿಸಿದೆ. ಕಲ್ಲು ಕಸ ಹೋದರೆ ಅದಕ್ಕೆ ತೊಂದರೆ ಅಂತ ಬಟ್ಟೆಯಲ್ಲಿ ಸೋಸಿ ಕೊಟ್ಟೆ. ಕಂಠದ ತನಕ ಕುಡಿಯಿತು."

ಕಂಬದ ಬಳಿ ನಿಂತಿದ್ದ ಚನಿಯಪ್ಪ, ಹೊಯ್ದದ್ದು ನಾನೇ, ಯಾರೂ ಕೇಳಲಿಲ್ಲ ಎಂದು ಮೆಲ್ಲಗೆ ಹೇಳಿದ. ಹೆಗ್ಡೆಯವರು ಅಕ್ಕನ ಮುಖ ನೋಡಲಾರದೆ ಅಂಗಳದ ಕಡೆ ತಿರುಗಿದರು.

ಕುಶಾಲಪ್ಪನವರು ಆದಷ್ಟು ಮೆತ್ತಗೆ ವಿವರಿಸಿದರು. ಇಂಜಿನ್ನಿನ ಬಿಸಿಯನ್ನು ಇಳಿಸುವುದು ರೇಡಿಯೇಟರಿನ ನೀರು. ಅದು ಸಣ್ಣ ಸಣ್ಣ ಕೊಳವೆಗಳಲ್ಲಿ ಸುತ್ತುತ್ತಿರಬೇಕು. ಬೆಲ್ಲದ ನೀರು ಬೆಳ್ತಂಗಡಿಯ ತನಕ ಹೇಗೋ ಸುತ್ತಿತು, ಮತ್ತೆ ಕುದಿದು ಪಾಕವಾಯಿತು, ಏರು ಬಂದಾಗ ಕೊಳವೆಗಳಲ್ಲಿ ಸೀದು ಅಂಟಿ ಕಟ್ಟಿಕೊಂಡಿತು. ನೀರು ನಿಂತ ಮೇಲೆ ಹೊಸ ಇಂಜಿನ್ ಬಿಸಿ ತಾಳಲಿಲ್ಲ. ಲೋಕನಾಥನಿಗೆ ಬಂದ ಪಾಯಸದ ಪರಿಮಳ ಯಾವ ಮನೆಯದ್ದೂ ಅಲ್ಲ, ಬಾನೆಟ್ಟಿನ ಒಳಗಿನದ್ದು. ನಶ್ಯ ಏರಿಸುವ ಮೂಸಾನಿಗೆ ಅದು ಗೊತ್ತಾಗಲಿಲ್ಲ. ಮೆಕ್ಯಾನಿಕ್ ಪಿಸ್ಟನ್ ನೋಡಿದ, ಪಿಸ್ಟನ್ ಯಾಕೆ ಹಿಡಿಯಿತೆಂದು ನೋಡಲಿಲ್ಲ. ಇರುವೆಗಳಿಗೆ ಮಾತ್ರ ಮೊದಲ ದಿನದಿಂದಲೂ ವಿಷಯ ತಿಳಿದಿತ್ತು.

"ಮೂಸಾ ನಿಧಾನವಾಗಿಯೇ ಓಡಿಸಿದ್ದು," ಎಂದರು ಕೊನೆಗೆ. "ಅವನದ್ದು ಏನೂ ತಪ್ಪಿಲ್ಲ."

ನೀಲಾವತಿಯಮ್ಮ ಬೆಲ್ಲದ ತಟ್ಟೆಯನ್ನು ತಮ್ಮ ಕಡೆಗೆ ಎಳೆದುಕೊಂಡರು.

"ಹಾಗಾದರೆ ಸುಟ್ಟದ್ದು ನಾನು," ಎಂದರು. "ಮೆಟ್ಟಿಲು ಹತ್ತಬಾರದು ಅಂತ ಹೇಳಿದ್ದೂ ನಾನೇ."

ಕಳ್ಳನನ್ನು ಹಿಡಿದಾಗ ಪತ್ತೇದಾರನಿಗೆ ಒಂದು ತೃಪ್ತಿ ಇರುತ್ತದೆ ಎಂದು ಕೇಳಿದ್ದೇನೆ. ಆ ದಿನ ತಿರುಗಿ ಬರುವ ಬಸ್ಸಿನಲ್ಲಿ ನಾವಿಬ್ಬರೂ ಯಾರನ್ನೋ ಕಳಕೊಂಡು ಬಂದವರ ಹಾಗೆ ಕೂತಿದ್ದೆವು.

ಮೂಸಾನಿಗೆ ಅದೇ ಸಂಜೆ ವಿಷಯ ತಿಳಿಸಿದೆವು. ಜೈನಬಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮೂಸಾ ಎರಡೆರಡು ಸಲ ಹೇಳಿಸಿ ಕೇಳಿದ. ಪಾಪ ಅಕ್ಕನಿಗೆ ಹೇಗೆ ಗೊತ್ತಾಗಬೇಕು, ಎಂದ. ಇಷ್ಟಕ್ಕೆ ಎಲ್ಲ ಸರಿಯಾಯಿತು ಎಂದು ನಾನು ನಂಬಿದೆ.

ಮದ್ರಾಸಿನಿಂದ ಭಾಗಗಳು ಬಂದು ಕಾರು ಎದ್ದು ನಿಂತ ಮೇಲೆ ಹೆಗ್ಡೆಯವರು ಅಕ್ಕನನ್ನು ಕೂರಿಸಿಕೊಂಡು ಬಂಟ್ವಾಳಕ್ಕೆ ಬಂದರು. ಬಾಡಿಗೆಯ ಡ್ರೈವರ್ ಓಡಿಸಿದ್ದ. ಕುಶಾಲಪ್ಪನವರನ್ನೂ ನನ್ನನ್ನೂ ಕರೆದಿದ್ದರು. ಪೇಟೆಯವರೆಲ್ಲ ಅಂಗಡಿಗಳಿಂದ ಇಣುಕಿ ನೋಡುತ್ತಿದ್ದಂತೆ ನೀಲಾವತಿಯಮ್ಮ ಕಾರಿನಿಂದಿಳಿದು, ತಾವೇ ಮೂಸಾನ ಮನೆಯ ಮೆಟ್ಟಿಲು ಹತ್ತಿದರು.

"ತಪ್ಪಾಯ್ತು ಮೂಸಾ," ಎಂದರು, ಎಲ್ಲರಿಗೂ ಕೇಳುವಂತೆ. "ಕೀ ತಗೊ. ಇನ್ನು ಈ ಕಾರು ನಿನ್ನ ಕೈಯಲ್ಲೇ ಇರಬೇಕು."

ಮೂಸಾ ಕೀ ತೆಗೆದುಕೊಂಡ. ಕಾರನ್ನು ಒಂದು ಸುತ್ತು ಬಂದು, ಬಾನೆಟ್ಟಿನ ಮೇಲೆ ಅಂಗೈ ಇಟ್ಟು, ಒಳಗೆ ಕೂತ. ಇಂಜಿನ್ ಒಂದೇ ತಿರುವಿಗೆ ಚಾಲೂ ಆಯಿತು, ಒಳ್ಳೆಯ ಸದ್ದು. ಅವನು ಗೇರು ಹಾಕಿದ.

ಕಾರು ಮುಂದೆ ಹೋಗಲಿಲ್ಲ.

ತೆರೆದ ಬಾಗಿಲಿನ ಪಕ್ಕದಲ್ಲಿಯೇ ನಿಂತಿದ್ದ ನನಗೆ ಕಂಡಿತು. ಪೆಡಲಿನ ಮೇಲಿದ್ದ ಅವನ ಬಲಗಾಲು ನಡುಗುತ್ತಿತ್ತು. ಅವನು ಅದನ್ನು ಕೈಯಿಂದ ಒತ್ತಿ ಹಿಡಿದ. ಇನ್ನೊಮ್ಮೆ ಪೆಡಲಿಗೆ ಇಟ್ಟ. ಇನ್ನೂ ಹೆಚ್ಚು ನಡುಗಿತು. ಹೆಗ್ಡೆಯವರು, ನಿಧಾನ ಮೂಸಾ, ಅವಸರ ಇಲ್ಲ ಎಂದರು.

ಇಂಜಿನ್ ಆರಿಸಿ ಅವನು ಕೆಳಗಿಳಿದ. ಕೀಯನ್ನು ಎರಡೂ ಕೈಗಳಲ್ಲಿ ಹಿಡಿದು, ಮೆಟ್ಟಿಲ ಬಳಿಯೇ ನಿಂತಿದ್ದ ನೀಲಾವತಿಯಮ್ಮನಿಗೆ ಕೊಟ್ಟ.

"ನನ್ನ ತಪ್ಪಲ್ಲ ಅಂತ ನನಗೆ ಗೊತ್ತಾಯ್ತು ಅಕ್ಕ. ಈ ಕಾಲಿಗೆ ಗೊತ್ತಾಗುವುದಿಲ್ಲ. ಬೇರೆ ಡ್ರೈವರನ್ನು ಇಟ್ಟುಕೊಳ್ಳಿ."

ನೀಲಾವತಿಯಮ್ಮ ಕೀ ಹಿಡಿದುಕೊಂಡು ಆ ಮೆಟ್ಟಿಲ ಮೇಲೆಯೇ ಕುಸಿದು ಕೂತರು, ಎಷ್ಟು ಕರೆದರೂ ಬಹಳ ಹೊತ್ತು ಏಳಲಿಲ್ಲ.