ಕದಿರಯ್ಯನ ಬೂಟು

1979ರ ಮಾರ್ಚ್ 12ರಂದು ಬರಗೂರು ಕಡೆಯ ಹೊನ್ನಕ್ಕ ಶಿರಾ ಠಾಣೆಗೆ ಬಂದು ದೂರು ಕೊಟ್ಟಳು. ಅವರ ಹಟ್ಟಿಯ ಹಿಂದಿನ ಗುಡ್ಡದಲ್ಲಿ ಕಾಯಿಸುವ ಕಳ್ಳಭಟ್ಟಿ ಕುಡಿದು ಅವಳ ಗಂಡನ ಕಣ್ಣು ಹೋಗಿತ್ತು. ಈಗ ಮಗನೂ ಅಲ್ಲಿಗೇ ಹೋಗತೊಡಗಿದ್ದ. ಸಬ್‌ಇನ್ಸ್‌ಪೆಕ್ಟರ್ ಚಂದ್ರಶೇಖರಯ್ಯ ಎಫ್‌ಐಆರ್ ದಾಖಲಿಸಿದರು. ಅಳುತ್ತಿದ್ದವಳಿಗೆ ಎದುರು ಹೋಟೆಲಿನ ಬೈರಪ್ಪ ಟೀ ತಂದುಕೊಟ್ಟು, ಕಾಸು ಬೇಡವೆಂದ.

ಮೂರು ಸಲ ದಾಳಿ ಹೋದರೂ ಸಿಕ್ಕಿದ್ದು ಬಿಸಿ ಬೂದಿ. ಮಾತು ಠಾಣೆಯಿಂದ ಸೋರಬಾರದೆಂದು ಸಾಹೇಬರು ದಾಳಿಯ ಜಾಗಕ್ಕೆ ಪ್ರತಿ ಸಲವೂ ಹೊಸ ಸಂಕೇತ ಕಟ್ಟಿದ್ದರು. ಮೊದಲು ‘ಮದುವೆ ಮನೆ’ ಎಂದರು, ಆಮೇಲೆ ಬರಗೂರನ್ನೇ ತಿರುಗಿಸಿ ‘ರುಗೂರಬ’ ಎಂದರು, ಕೊನೆಗೆ ಅಕ್ಷರಕ್ಕೊಂದು ಅಂಕಿ ಇಟ್ಟರು. ರಾಜರ ಗೂಢಲಿಪಿಯಿಂದ ಮಹಾಯುದ್ಧದ ಯಂತ್ರದವರೆಗೆ, ಯಾರೂ ಒಡೆಯಲಾರರೆಂದು ಕಟ್ಟಿದ್ದನ್ನೆಲ್ಲ ಯಾರೋ ಒಡೆದೇ ಒಡೆದರೆಂದು ತರಬೇತಿಯಲ್ಲಿ ಕೇಳಿದ್ದರು. ಇಲ್ಲಿ ನೋಡಿದರೆ ಅವರ ಸಂಕೇತ ಪೇದೆಗಳಿಗೇ ಅರ್ಥವಾಗದೆ ಒಬ್ಬ ಬೇರೆಯೇ ಊರಾದ ಗೌಡಗೆರೆಗೆ ಹೋಗಿ ಕೂತಿದ್ದ; ಭಟ್ಟಿಯವನಿಗೆ ಮಾತ್ರ ಚೆನ್ನಾಗಿ ಅರ್ಥವಾದಂತಿತ್ತು. ಸಾಹೇಬರು ತಲೆ ಚಚ್ಚಿಕೊಳ್ಳುವುದೊಂದು ಬಾಕಿ.

ನಾಲ್ಕನೇ ದಾಳಿಯ ಬೆಳಿಗ್ಗೆ ಅವರು ಸಿಡುಕುತ್ತಲೇ ಟೀ ಕುಡಿಯುತ್ತಿದ್ದಾಗ, ಪೇದೆ ಕದಿರಯ್ಯನ ಕಾಲು ನೋಡಿ ಬೈರಪ್ಪ ಬಾಯಿತಪ್ಪಿ ಕೇಳಿಬಿಟ್ಟ.

“ಏನ್ ಕದಿರಯ್ಯನೋರೆ, ಇವತ್ತೂ ಬೂಟ್ ಬುಟ್ಟು ಬಂದಿದೀರಾ?”

ಆ ‘ಇವತ್ತೂ’ ಸಾಹೇಬರ ಕಿವಿಗೆ ಚುಚ್ಚಿತು. ಗುಡ್ಡದ ದಾರಿ ಇರುವುದು ಹಟ್ಟಿಯ ಮೂಲಕ. ಕುಲದೇವರ ಕಟ್ಟಳೆಯಂತೆ ಹಟ್ಟಿಯೊಳಗೆ ತೊಗಲಿನ ಮೆಟ್ಟು ಮೆಟ್ಟುವಂತಿಲ್ಲ. ಅಲ್ಲೇ ಹುಟ್ಟಿದ ಕದಿರಯ್ಯ ದಾಳಿಯ ದಿನ ಬೂಟನ್ನು ಮನೆಯಲ್ಲೇ ಬಿಟ್ಟು ಬರುತ್ತಿದ್ದ. ಥೂ, ನಿದ್ದೆಗೆಟ್ಟು ಕಟ್ಟಿದ ಸಂಕೇತವೆಲ್ಲ ಒಂದು ಜೊತೆ ಬರಿಗಾಲಿನ ಮುಂದೆ ಮಣ್ಣುಪಾಲಾಗಿತ್ತು.

ಅವತ್ತು ದಾಳಿ ನಿಲ್ಲಿಸಿ ಬೈರಪ್ಪನ ಮೇಲೆ ಕಣ್ಣಿಟ್ಟರು. ದಿನವೂ ಹಾಲಿನ ಖಾಲಿ ಕ್ಯಾನನ್ನು ಬರಗೂರು ಬಸ್ಸಿನ ಮೇಲೆ ನೆಟ್ಟಗೆ ಇಡುತ್ತಿದ್ದವನು ಅಂದು ಬೋರಲು ಹಾಕಿದ; ಗುಡ್ಡಕ್ಕೆ ದಾಳಿಯ ಸುದ್ದಿ ಹೋಗುತ್ತಿದ್ದುದು ಹೀಗೆ.

ಮಾರನೆಯ ದಿನ ಸಾಹೇಬರು ಹೇಳಿದಂತೆ ಕದಿರಯ್ಯ ಬೂಟು ಹಾಕಿಕೊಂಡೇ ದಾಳಿಗೆ ಬಂದ. ಹಟ್ಟಿಯ ಬೇಲಿಯ ಹತ್ತಿರ ಬಿಚ್ಚಿಟ್ಟ. ಕ್ಯಾನು ನೆಟ್ಟಗೆ ಹೋಗಿದ್ದರಿಂದ ಭಟ್ಟಿ ಉರಿಯುತ್ತಲೇ ಸಿಕ್ಕಿತು. ಪಂಚನಾಮೆ ಮುಗಿಸಿ, ಕಾಯಿಸುತ್ತಿದ್ದ ದೊಡ್ಡರಂಗಪ್ಪನನ್ನು ಹಿಡಿದು ತಂದರು. ಅವನು ಬೈರಪ್ಪನ ಅಳಿಯ. ಬೈರಪ್ಪನನ್ನೂ ಬಂಧಿಸಿದರು.

“ಹೊನ್ನಕ್ಕನ ಕಣ್ಣೀರು ಕಂಡವನು ನೀನು. ಹೆಂಗೆ ಮನಸ್ಸು ಬಂತಯ್ಯ?”

“ಆಯಮ್ಮಂಗೆ ಅವತ್ತು ಟೀ ಕೊಟ್ಟೋನೂ ನಾನೇ ಸ್ವಾಮಿ. ಆದ್ರೆ ನನ್ ಮಗ್ಳು ಹಸಿ ಬಾಣಂತಿ. ಅವ್ನು ಜೈಲಿಗೋದ್ರೆ ಅವಳ್ನ ಯಾರು ನೋಡ್ತಾರೆ?”

ಸಾಹೇಬರು ಅದನ್ನೂ ಅವನ ಹೇಳಿಕೆಯಲ್ಲಿ ಬರೆದುಕೊಂಡರು.

ಸಂಜೆಯ ಬಸ್ಸಿನಿಂದ ಬೈರಪ್ಪನ ಮಗಳು ಎಳೆಗೂಸು ಎತ್ತಿಕೊಂಡು ಇಳಿದು, ಬಾಗಿಲು ಹಾಕಿದ ಹೋಟೆಲಿನ ಬೆಂಚಿನ ಮೇಲೆ ಕುಳಿತಳು. ಹೇಳಿಕೆಗೆ ಬಂದಿದ್ದ ಹೊನ್ನಕ್ಕ ಠಾಣೆಯ ಮೆಟ್ಟಿಲಿನಿಂದ ಅವಳನ್ನು ಕಂಡಳು. ಆಮೇಲೆ ರಸ್ತೆ ದಾಟಿ ಅವಳ ಪಕ್ಕ ಕೂತು, ಕೂಸನ್ನು ಈಸಿಕೊಂಡಳು.